ಚೌಕವೇ ದೊಡ್ಡದು ಅಂದ ಮೇಷ್ಟ್ರು

ನಮ್ಮ ಗಣಿತದ ಮೇಷ್ಟ್ರು ಮಹಾ ಪುಕ್ಕಲು. ತೀರಿಕೊಂಡವರ ಬಗ್ಗೆ ಹೀಗೆ ಮಾತು ಶುರು ಮಾಡಬಾರದು, ಗೊತ್ತು. ಆದರೆ ಹೋದ ತಿಂಗಳು ಎಚ್.ಡಿ. ಕೋಟೆಯಿಂದ ಅವರ ಮಗಳು ಫೋನು ಮಾಡಿ "ಅಪ್ಪ ಹೋದ್ರು" ಅಂದಾಗ, ಅಯ್ಯೋ ದೇವರೇ ಅಂದುಕೊಂಡ ಮರುಕ್ಷಣವೇ ನನ್ನ ಕಣ್ಣ ಮುಂದೆ ಬಂದದ್ದು ಅವರು ಶಾಲೆಯ ಬಾಗಿಲಿನ ಬೀಗ ಎಳೆದು ನೋಡುತ್ತಿದ್ದ ರೀತಿ. ಎಳೆಯುವರು, ಹತ್ತು ಹೆಜ್ಜೆ ಹೋಗುವರು, ಮತ್ತೆ ಬಂದು ಎಳೆಯುವರು. ಸೈಕಲ್ ಹತ್ತಿದ ಮೇಲೂ ಒಂದು ಸಲ ಇಳಿದು ಬಂದದ್ದನ್ನು ನಾನೇ ಕಂಡಿದ್ದೇನೆ. ಒಳಗೆ ಕದಿಯುವುದಕ್ಕೆ ಏನಿತ್ತು ಅಂತೀರಿ? ಏಳು ಬೆಂಚು, ಒಂದು ಕಪ್ಪುಹಲಗೆ, ಒಂದು ಹರಕು ಭೂಪಟ.

ಭೇರ್ಯದಿಂದ ಮೂರು ಮೈಲಿ ಆಚೆ, ನಾಲೆಯ ದಡದಲ್ಲಿ ನಮ್ಮ ಹಳ್ಳಿ. ಅರವತ್ತರ ದಶಕದ ಕೊನೆಯಲ್ಲಿ ಊರಿನವರೇ ಒಂದು ಕಮಿಟಿ ಮಾಡಿಕೊಂಡು ಹೈಸ್ಕೂಲು ತೆಗೆದಿದ್ದರು. ಅಲ್ಲಿಂದ ಎಸ್ಸೆಸ್ಸೆಲ್ಸಿಗೆ ಕೂರಬೇಕಾಗಿದ್ದ ಮೊದಲ ತಂಡ ನಮ್ಮದು. ಹತ್ತೊಂಬತ್ತು ಜನ ಹುಡುಗರು, ಮೂವರು ಹುಡುಗಿಯರು. ಮೇಷ್ಟ್ರಿಗೆ ಆಗ ಮೂವತ್ತರ ಆಸುಪಾಸು. ಭೇರ್ಯದಲ್ಲಿ ಮನೆ ಮಾಡಿಕೊಂಡು ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಜೂನ್‌ನಲ್ಲೂ ಕಮಿಟಿಯವರು 'ಇರಲಿ' ಅಂದರೆ ಇರಬೇಕು, 'ಬೇಡ' ಅಂದರೆ ಹೊರಡಬೇಕು. ಇದು ಅವರ ಭಯದ ಕಾರಣವೋ, ಭಯ ಅವರಿಗೆ ಹುಟ್ಟಿನಿಂದಲೇ ಬಂದದ್ದೋ, ನಾನು ಹೇಳಲಾರೆ.

ಒಮ್ಮೆ ನಮ್ಮನ್ನೆಲ್ಲ ಹುಣಸೂರಿಗೆ ಯಾವುದೋ ವಿಜ್ಞಾನದ ಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಕೆ.ಆರ್. ನಗರದಲ್ಲಿ ಬಸ್ಸು ಹತ್ತುವಾಗ "ಇದು ಹುಣಸೂರಿಗೇ ತಾನೆ?" ಅಂತ ಕಂಡಕ್ಟರನನ್ನು ಕೇಳಿದರು. ಕೂತ ಮೇಲೆ ಕೇಳಿದರು. ಬಸ್ಸು ಊರು ದಾಟಿದ ಮೇಲೂ ಕೇಳಿದರು. ಕಂಡಕ್ಟರನಿಗೆ ರೇಗಿಹೋಯಿತು. "ಸ್ವಾಮಿ, ಬೋರ್ಡು ಕಿತ್ತು ನಿಮ್ಮ ತೊಡೆ ಮ್ಯಾಲೇ ಮಡಗ್ತೀನಿ, ಊರು ಬರಗಂಟ ನೋಡ್ಕತಾ ಕೂತ್ಕಳಿ" ಅಂದ. ಬಸ್ಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ನಕ್ಕು, ಐದು ನಿಮಿಷ ಬಿಟ್ಟು, ನನ್ನ ಕಡೆ ಬಗ್ಗಿ, "ನೀನು ಬೋರ್ಡ್ ನೋಡಿದ್ಯಲ್ಲಮ್ಮ?" ಅಂದರು.

ಆದರೆ ಸೀಮೆಸುಣ್ಣ ಹಿಡಿದರೆ ಅವರ ಪುಕ್ಕಲುತನಕ್ಕೆ ಒಂದು ಕೆಲಸ ಸಿಗುತ್ತಿತ್ತು. ವರ್ಗ ಪೂರ್ಣಗೊಳಿಸುವ ಪಾಠವನ್ನು ಅವರು ಹೇಳಿಕೊಟ್ಟ ಹಾಗೆ ಆಮೇಲೆ ಮೈಸೂರಿನ ದೊಡ್ಡ ದೊಡ್ಡ ಕಾಲೇಜಿನವರೂ ನನಗೆ ಹೇಳಿಕೊಡಲಿಲ್ಲ. ಹಲಗೆಯ ಮೇಲೆ x² + 6x + 5 ಅಂತ ಬರೆಯುವರು. "ಇದರ ಹೊಟ್ಟೇಲಿ ಒಂದು ವರ್ಗ ಇದೆ, ಸ್ವಲ್ಪ ಕೊರತೆ ಬಿದ್ದಿದೆ. ನಡುವಿನ ಆರರಲ್ಲಿ ಅರ್ಧ ಎಷ್ಟು? ಮೂರು. ಮೂರ್ಮೂರ್ಲಿ ಒಂಬತ್ತು. ಆ ಒಂಬತ್ತನ್ನ ಸೇರಿಸಿದ್ರೆ ವರ್ಗ ತುಂಬ್ತು. ಆದ್ರೆ ಒಂಬತ್ತು ಯಾರಪ್ಪನ ಮನೇದು? ಹೆಪ್ಪು ಹಾಕೋಕೆ ಪಕ್ಕದ ಮನೆಯಿಂದ ಮಜ್ಜಿಗೆ ಇಸ್ಕೊಂಡು ಬಂದ್ರಿ, ವಾಪಸ್ ಕೊಡಬೇಕೋ ಬೇಡ್ವೋ? ಅಲ್ಲೇ ಕಳೀರಿ." ಒಂಬತ್ತು ಸೇರಿಸಿ ಒಂಬತ್ತು ಕಳೆದರೆ (x + 3)² − 4 ಬರುತ್ತಿತ್ತು. ಈ ರೂಪಕ್ಕೆ ತಂದ ಮೇಲೆ ಏನನ್ನೂ ಹುಡುಕಬೇಕಾಗಿಲ್ಲ, ಗ್ರಾಫಿನ ಗೆರೆಯ ಶೃಂಗ ಎಲ್ಲಿದೆ, ಎಲ್ಲಿಂದ ಅದು ತಿರುಗಿಕೊಳ್ಳುತ್ತದೆ ಅನ್ನುವುದು ತಾನಾಗಿ ಕಾಣುತ್ತದೆ ಅನ್ನುವರು. ಆವರಣದ ಹೊರಗೆ ಎರಡರಂಥ ಒಂದು ಸಂಖ್ಯೆ ನಿಂತಿದ್ದರಂತೂ ಅವರಿಗೆ ಪ್ರಾಣಸಂಕಟ. "ಹೊರಗಿನವನನ್ನ ಮರೀಬೇಡಿ! ಒಳಗೆ ನೀವು ಒಂದು ಹಾಕಿದ್ರೆ ಅವನು ಅದನ್ನ ಎರಡು ಮಾಡ್ತಾನೆ!" ಅಂತ ಬೆವರು ಒರೆಸಿಕೊಳ್ಳುತ್ತಿದ್ದರು. ನಮಗೋ ನಗು.

ಈಗ ಬೇಲಿಯ ವಿಷಯ. ಇಲಾಖೆಯ ಮಾನ್ಯತೆ ಇಲ್ಲದೆ ನಮ್ಮ ಶಾಲೆಯಿಂದ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಮಾನ್ಯತೆಗೆ ಆಟದ ಮೈದಾನ ಬೇಕು, ಎರಡು ಎಕರೆ, ಬೇಲಿ ಸಮೇತ. ಮೊದಲ ಸಲ ಇನ್‌ಸ್ಪೆಕ್ಟರು ಬಂದಾಗ ಮುಳ್ಳುಬೇಲಿ ತೋರಿಸಿದ್ದರು. ಅವರು ನೋಡುತ್ತಿರುವಾಗಲೇ ಮೇಕೆಗಳು ನುಗ್ಗಿದವು. "ತಂತಿ ಬೇಲಿ ಹಾಕಿ, ಆಮೇಲೆ ಕರೀರಿ" ಅಂತ ಹೊರಟುಹೋದರು. ನಾಲೆಯ ಪಕ್ಕದ ಗೋಮಾಳದಲ್ಲಿ ಎಷ್ಟು ಬೇಕೋ ಅಷ್ಟು ಬಳಸಿಕೊಳ್ಳಿ ಅಂತ ಪಂಚಾಯ್ತಿಯವರು ಒಪ್ಪಿದ್ದರು. ಜಾಗಕ್ಕೆ ಬರವಿರಲಿಲ್ಲ, ತಂತಿಗೆ ಬರ. ಪರ್ಮಿಟ್ಟಿನ ಮೇಲೆ ಅಲೆದಾಡಿ ತಂದದ್ದು ನಾಲ್ಕು ಎಳೆ ಎಳೆದರೆ ಎಂಟುನೂರ ನಲವತ್ತು ಅಡಿಗೆ ಸಾಲುವಷ್ಟು. ನಾಲೆಯೇ ಒಂದು ಕಡೆಯ ಬೇಲಿ, ಮಿಕ್ಕ ಮೂರು ಕಡೆಗೆ ತಂತಿ ಅಂತ ತೀರ್ಮಾನವಾಯಿತು.

ಅರಳಿಕಟ್ಟೆಯಲ್ಲಿ ಸಭೆ ಸೇರಿದ್ದಾಗ ಯಾರೋ ಕೇಳಿದರು, "ಮೇಷ್ಟ್ರೇ, ಯಾವ ಆಕಾರಕ್ಕೆ ಆಕಿದ್ರೆ ಇಷ್ಟೇ ತಂತೀಲಿ ಜಾಗ ಜಾಸ್ತಿ ಸಿಕ್ತದೆ?"

ಮೇಷ್ಟ್ರು ತಡಮಾಡಲಿಲ್ಲ. "ಚೌಕ. ಚೌಕವೇ ದೊಡ್ಡದು. ಅನುಮಾನವೇ ಬೇಡ" ಅಂದರು.

ಬೀಗ ಮೂರು ಸಲ ಎಳೆಯುವ ಮನುಷ್ಯ ಇಡೀ ಜನ್ಮದಲ್ಲಿ ಹಿಂದೆಮುಂದೆ ನೋಡದೆ ಉತ್ತರ ಕೊಟ್ಟದ್ದು ಅದೊಂದೇ ಸಲ ಇರಬೇಕು. ಮೇಷ್ಟ್ರಾದವರಿಗೇ ಬರುವ ತಪ್ಪು ಅದು. ವರ್ಷಾವರ್ಷ ಹಲಗೆಯ ಮೇಲೆ ಬರೆದು ಬರೆದು ಬಾಯಿಗೆ ಬಂದುಬಿಟ್ಟಿದ್ದ ಮಾತು. ಅವರ ಮಾತಿನ ಮೇಲೆ ಊರಿನವರು ಇನ್ನೂರೆಂಬತ್ತು ಅಡಿಯ ಚೌಕಕ್ಕೆ ಗುಂಡಿ ತೋಡಿ, ಕಲ್ಲುಕಂಬ ನಿಲ್ಲಿಸಿದರು. ಅಳೆದರೆ ಎರಡು ಎಕರೆಗೆ ಎಂಟು ಗುಂಟೆ ಕಮ್ಮಿ. "ಎಂಟು ಗುಂಟೆ ತಾನೆ, ಯಾವನು ಅಳೀತಾನೆ ಬುಡಿ" ಅಂತ ಸಮಾಧಾನ ಮಾಡಿಕೊಂಡರು. ಶನಿವಾರ ಮಧ್ಯಾಹ್ನ ಇನ್‌ಸ್ಪೆಕ್ಟರ ಕಾಗದ ಬಂತು. ಸೋಮವಾರ ಬೆಳಿಗ್ಗೆ ಬರುತ್ತೇನೆ, ಟೇಪು ಹಿಡಿದು ಅಳೆಯುತ್ತೇನೆ, ಎರಡು ಎಕರೆಗೆ ಒಂದು ಗುಂಟೆ ಕಮ್ಮಿಯಾದರೂ ಈ ವರ್ಷಕ್ಕೆ ಮಾನ್ಯತೆಯ ಮಾತೇ ಇಲ್ಲ ಅಂತ ಅದರಲ್ಲಿತ್ತು.

ಹುಡುಗರಿಗೇನು, ಭೇರ್ಯಕ್ಕೋ ಕೆ.ಆರ್. ನಗರಕ್ಕೋ ಹೋಗಿ ಮುಂದಿನ ವರ್ಷ ಕಟ್ಟುತ್ತಿದ್ದರು. ನನ್ನ ಕತೆ ಬೇರೆ. ನಮ್ಮಪ್ಪ ಮೊದಲೇ ಹೇಳಿಬಿಟ್ಟಿದ್ದ, "ಊರಾಗೇ ಪರೀಕ್ಸೆ ಆದ್ರೆ ಬರೀಲಿ. ಊರು ಬುಟ್ಟು ಊರಿಗೆ ಎಣ್ಮಗೀನ ಕಳಿಸಾಕಿಲ್ಲ." ಸೋದರಮಾವನ ಮನೆಯವರು ಸಂಕ್ರಾಂತಿ ಕಳೆಯುವುದನ್ನೇ ಕಾಯುತ್ತಿದ್ದರು. ಅವ್ವ ಆಗಲೇ ನನ್ನ ಲಂಗಗಳನ್ನು ತಂಗಿಗೆ ಆಗುತ್ತದಾ ಅಂತ ಹಿಡಿದು ನೋಡಿದ್ದಳು. ಶನಿವಾರ ರಾತ್ರಿ ನಾನು ಪುಸ್ತಕ ಮುಟ್ಟಲಿಲ್ಲ. ಎಂಟು ಗುಂಟೆಗೆ ನನ್ನ ಓದು ಮುಗಿಯಿತಲ್ಲಪ್ಪ ಅಂತ ಅನ್ನಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ವಿಶೇಷ ತರಗತಿ. ಮೇಷ್ಟ್ರು ಬರಲಿಕ್ಕಿಲ್ಲ ಅಂದುಕೊಂಡಿದ್ದೆವು, ಬಂದರು. ಕಣ್ಣು ಕೆಂಪಗಿತ್ತು. ಪಾಠ ಮಾಡುವ ಮನಸ್ಸಿರಲಿಲ್ಲ ಅಂತ ಕಾಣುತ್ತೆ, ಬೇಲಿಯನ್ನೇ ಲೆಕ್ಕವಾಗಿ ಕೊಟ್ಟರು. "ತಂತಿ ಎಂಟುನೂರ ನಲವತ್ತು ಅಡಿ. ಚೌಕಕ್ಕಿಂತ ದೊಡ್ಡದು ಸಾಧ್ಯವಿಲ್ಲ ಅಂತ ನೀವೇ ತೋರಿಸಿ" ಅಂದರು. ನಮ್ಮ ಕೈಲಿ ಆಗುವುದನ್ನೆಲ್ಲ ಮಾಡಿದ್ದೇವೆ ಅಂತ ತಮಗೇ ಸಮಾಧಾನ ಹೇಳಿಕೊಳ್ಳುವ ಹಾಗಿತ್ತು. ನನ್ನನ್ನು ಹಲಗೆಗೆ ಕರೆದರು.

ನಾಲೆಯಿಂದ ಒಳಕ್ಕೆ x ಅಡಿ ಅಂದುಕೊಂಡೆ. ಎರಡು ಪಕ್ಕಕ್ಕೆ 2x ತಂತಿ ಹೋಯಿತು, ಹಿಂಭಾಗಕ್ಕೆ ಉಳಿದದ್ದು 840 − 2x. ಒಟ್ಟು ಜಾಗ x(840 − 2x). ಋಣ ಎರಡನ್ನು ಹೊರಗೆ ತೆಗೆದೆ, ಒಳಗೆ x² − 420x ಉಳಿಯಿತು. ನಾನೂರ ಇಪ್ಪತ್ತರ ಅರ್ಧ ಇನ್ನೂರಹತ್ತು, ಅದರ ವರ್ಗ ನಲವತ್ನಾಲ್ಕು ಸಾವಿರದ ನೂರು. ಸೇರಿಸಿದೆ, ಕಳೆದೆ. ಹೊರಗಿನವನನ್ನು ಮರೆಯಲಿಲ್ಲ. ಕೊನೆಗೆ ಹಲಗೆಯ ಮೇಲೆ ನಿಂತದ್ದು −2(x − 210)² + 88200.

ಇನ್ನೂರಹತ್ತು! ಇನ್ನೂರೆಂಬತ್ತು ಬರಬೇಕಿತ್ತು. ಯಾರಾದರೂ ನೋಡುವ ಮೊದಲೇ ಅಂಗೈಯಿಂದ ಅಳಿಸಿಬಿಟ್ಟೆ.

"ಯಾಕೆ ಅಳಿಸಿದೆ?" ಅಂದರು ಮೇಷ್ಟ್ರು.

"ತಪ್ಪಾಯ್ತು ಸಾ. ನೀವು ಇನ್ನೂರೆಂಬತ್ತು ಅಂದಿದ್ರಲ್ಲ, ನಂದೇ ಎಲ್ಲೋ ತಪ್ಪೈತೆ."

"ಎಲ್ಲಿ ತಪ್ಪಿದೆ?"

"ಗೊತ್ತಿಲ್ಲ ಸಾ."

"ಗೊತ್ತಿಲ್ಲದೆ ಅಳಿಸ್ತಾರೇನಮ್ಮ? ಇನ್ನೊಂದ್ಸಲ ಮಾಡು."

ಮಾಡಿದೆ. ಮತ್ತೆ ಇನ್ನೂರಹತ್ತೇ ಬಂತು. ಮೇಷ್ಟ್ರು ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ತಾವೇ ಮಾಡಿದರು. ಒಳಕ್ಕೆ ಇನ್ನೂರಹತ್ತು ಅಡಿ, ನಾಲೆಯ ಉದ್ದಕ್ಕೆ ನಾನೂರ ಇಪ್ಪತ್ತು. ಗುಣಿಸಿದರೆ ಎಂಬತ್ತೆಂಟು ಸಾವಿರದ ಇನ್ನೂರು ಚದರಡಿ. ಎರಡು ಎಕರೆ ದಾಟಿ ಹೆಚ್ಚೂಕಮ್ಮಿ ಒಂದು ಗುಂಟೆ ಮೇಲೆ! ಅವರ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತು. ಬೆಂಚಿನ ಮೇಲೆ, ಹುಡುಗರ ಪಕ್ಕದಲ್ಲೇ, ಧೊಪ್ಪನೆ ಕೂತರು.

"ನಾಲ್ಕು ಕಡೆ ತಂತಿ ಹಾಕಿದ್ರೆ ಚೌಕ ದೊಡ್ಡದು ಕಣ್ರೋ. ಇಲ್ಲಿ ನಾಲೆ ಒಂದು ಕಡೆ ಪುಕ್ಕಟೆ ಕೊಟ್ಟಿದೆ. ನಾಲೆ ಕೊಟ್ಟಿದ್ದನ್ನ ನಾನು ನೋಡ್ಲೇ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನದು ಸರಿ. ತಪ್ಪು ನಂದು ಕಣಮ್ಮ" ಅಂದರು.

ಗಂಟೆ ಒಂಬತ್ತೂವರೆ. ಎಡಗಡೆಯ ಸಾಲಿನಲ್ಲಿ ಹದಿನೈದು ಕಂಬ ಇದ್ದಲ್ಲೇ ಇರಬಹುದು. ಮಿಕ್ಕ ನಲವತ್ತೈದು ಕಿತ್ತು ಹೊಸ ಜಾಗದಲ್ಲಿ ನೆಡಬೇಕು. ಊರಿನವರನ್ನು ಒಪ್ಪಿಸಬೇಕು. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಾಲೆಯ ಉದ್ದಕ್ಕೆ ನಾನೂರ ಇಪ್ಪತ್ತು ಅಡಿ ಅಳೆದರೆ, ಸರಿಯಾಗಿ ಆ ಮೂಲೆಗೆ ಒಂದು ಭತ್ತದ ಹುಲ್ಲಿನ ಮೆದೆ ನಿಂತಿತ್ತು. ಆಗತಾನೆ ಸುಗ್ಗಿ ಮುಗಿಸಿ ಒಟ್ಟಿದ್ದ, ಆಳೆತ್ತರಕ್ಕೆ ಎರಡರಷ್ಟಿದ್ದ ಮೆದೆ. ಅದು ನಮ್ಮಪ್ಪನದು.

ನಮ್ಮಪ್ಪ ಕಮಿಟಿಯ ಮೆಂಬರು, ಮುಂಗೋಪಿ. ಮೇಷ್ಟ್ರು ನಮ್ಮ ಮನೆಯ ಜಗುಲಿಯವರೆಗೆ ಬಂದು, ಹತ್ತದೆ, ಮೂರು ಸಲ ಗಂಟಲು ಸರಿ ಮಾಡಿಕೊಂಡರು. ವಿಷಯ ಕೇಳಿ ಅಪ್ಪನಿಗೆ ಎಲ್ಲಿತ್ತೋ ಸಿಟ್ಟು. "ಏನ್ ಮೇಷ್ಟ್ರೇ, ತಮಾಸೆ ಮಾಡ್ತೀರಾ? ಮೊನ್ನೆ ಕಟ್ಟೆ ಮ್ಯಾಲೆ ಚೌಕ ಅಂದ್ರಿ, ಇವತ್ತು ಉದ್ದ ಅಂತೀರಿ. ತಂತಿ ಅಷ್ಟೇ ಅದೆ, ಜಾಗ ಎಂಗೆ ಜಾಸ್ತಿ ಆಯ್ತದೆ? ಮೆದೆ ಕಿತ್ತು ಒಟ್ಟೋದು ಅಂದ್ರೆ ಉಡುಗಾಟವಾ?"

x, y ಅಂದರೆ ಅಪ್ಪ ದೊಣ್ಣೆ ತೆಗೆದುಕೊಳ್ಳುತ್ತಿದ್ದನೇನೋ. ಮೇಷ್ಟ್ರು ನನ್ನ ಕಡೆ ನೋಡಿ, "ಒಂದು ಹುರಿ, ಒಂದು ಹಿಡಿ ಹುಣಸೆ ಬೀಜ ತಗೊಂಡು ಬಾಮ್ಮ" ಅಂದರು. ಹನ್ನೆರಡು ಗೇಣು ಹುರಿ ಅಳೆದರು. ಜಗುಲಿಯ ಅಂಚೇ ನಾಲೆ. ಹುರಿಯನ್ನು ಮೂರು ಕಡೆ ನಾಲ್ಕು ನಾಲ್ಕು ಗೇಣು ಬರುವ ಹಾಗೆ ಚೌಕವಾಗಿ ಹಾಸಿ, ಗೇಣಿನ ಮನೆಗೆ ಒಂದರಂತೆ ಬೀಜ ಇಡು ಅಂದರು. ಇಟ್ಟೆ. ಹದಿನಾರು. ಅದೇ ಹುರಿಯನ್ನು ಒಳಕ್ಕೆ ಮೂರು ಗೇಣು, ಉದ್ದಕ್ಕೆ ಆರು ಗೇಣು ಮಾಡಿದರು. ಬೀಜ ಹದಿನೆಂಟು.

ಅಪ್ಪ ಕೂತಲ್ಲಿಂದ ಎದ್ದು ಬಂದ. ನನ್ನ ಎಣಿಕೆ ನಂಬದೆ ತಾನೇ ಎಣಿಸಿದ. ಹುರಿ ಎಳೆದಿಲ್ಲ ತಾನೆ ಅಂತ ಗೇಣು ಹಾಕಿ ನೋಡಿದ. "ಎಲ್ಡು ಜಾಸ್ತಿ ಬಂತಲ್ಲಾ!" ಅಂದ. ಆಮೇಲೆ ರೈತನ ಬುದ್ಧಿ ಎಲ್ಲಿ ಹೋದೀತು, "ಅಂಗಾರೆ ಇನ್ನೂ ಉದ್ದ ಮಾಡಿದ್ರೆ ಇನ್ನೂ ಬತ್ತದಾ?" ಅಂತ ಒಳಕ್ಕೆ ಎರಡು, ಉದ್ದಕ್ಕೆ ಎಂಟು ಗೇಣು ಮಾಡಿ ಬೀಜ ಜೋಡಿಸಿದ. ಮತ್ತೆ ಹದಿನಾರು.

"ಹದಿನೆಂಟೇ ತುದಿ ಗೌಡ್ರೇ" ಅಂದರು ಮೇಷ್ಟ್ರು. "ಅಲ್ಲಿಂದ ಆಕಡೆ ಹೋದ್ರೂ ಇಳಿತ, ಈಕಡೆ ಬಂದ್ರೂ ಇಳಿತ. ಲೆಕ್ಕ ಮಾಡಿದ್ದು ನಿಮ್ಮ ಮಗಳು. ಕಟ್ಟೆ ಮೇಲೆ ನಾನು ಹೇಳಿದ್ದು ತಪ್ಪು."

ಅಪ್ಪ ಬೀಜಗಳನ್ನೆಲ್ಲ ಬಳಿದು ನನ್ನ ಕೈಗೆ ಹಾಕಿದ. ಟವೆಲ್ಲು ತಲೆಗೆ ಸುತ್ತಿಕೊಂಡು, "ನಡೀರಿ ಮತ್ತೆ, ಬಿಸ್ಲು ಏರ್ತಾ ಅದೆ" ಅಂದ.

ಆ ಭಾನುವಾರ ಊರಿನಲ್ಲಿ ಯಾರೂ ಬೇರೆ ಕೆಲಸ ಮಾಡಲಿಲ್ಲ. ಹಾರೆ, ಗುದ್ದಲಿ, ಎತ್ತಿನ ಗಾಡಿ. ಮೆದೆಯ ಹುಲ್ಲನ್ನು ಹೆಂಗಸರೆಲ್ಲ ಹೊರೆ ಕಟ್ಟಿ ಹೊತ್ತೆವು. ಮೇಷ್ಟ್ರು ಪಂಚೆ ಎತ್ತಿಕಟ್ಟಿ ಗುಂಡಿ ತೋಡಲು ಹೋಗಿ ಅಂಗೈಯಲ್ಲಿ ಬೊಬ್ಬೆ ತರಿಸಿಕೊಂಡರು. ಗಳಿಗೆಗೊಂದು ಸಲ ಟೇಪು ಹಿಡಿದು ಓಡುವರು, ಇನ್ನೂರಹತ್ತು ಇದೆಯಾ, ಇದೆ, ನಿಜವಾಗಿ ಇದೆಯಾ, ಇದೆ. ಮೂವರು ಮೂರು ಸಲ ಅಳೆದ ಮೇಲೂ ಅವರಿಗೆ ನೆಮ್ಮದಿಯಿಲ್ಲ. ನನಗೂ ಇರಲಿಲ್ಲ ಅನ್ನಿ. ಕತ್ತಲಾದಾಗ ಕಂಬ ಮುಗಿದಿತ್ತು, ತಂತಿಯ ಎರಡು ಎಳೆ ಬಾಕಿ. ಸೋಮವಾರ ಕೋಳಿ ಕೂಗುವಾಗ ಮತ್ತೆ ಶುರು ಮಾಡಿ, ಕೊನೆಯ ಎಳೆಯನ್ನು ಕಂಬಕ್ಕೆ ಬಿಗಿಯುವಾಗ ಏರಿಯ ಮೇಲೆ ಜೀಪಿನ ಧೂಳು ಕಂಡಿತು. ತಂತಿ ಸಾಲದೆ ಹೋದರೆ ಅಂತ ನಾನು ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದೆ. ಸಾಲಿತು.

ಇನ್‌ಸ್ಪೆಕ್ಟರು ಹೇಳಿದ ಹಾಗೆಯೇ ಟೇಪು ಹಿಡಿಸಿ ಅಳೆದರು. ಚೀಟಿಯ ಮೇಲೆ ಗುಣಿಸಿದರು. "ಎರಡು ಎಕರೆ ಆಗ್ತದೆ" ಅಂದರು. ಸುತ್ತ ನಿಂತಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಅಷ್ಟರಲ್ಲಿ ಅವರ ಕಣ್ಣು ಬೇಲಿಯಾಚೆ ಸಾಲಾಗಿ ಬಾಯಿ ತೆರೆದುಕೊಂಡಿದ್ದ ಹಳೆಯ ಗುಂಡಿಗಳ ಮೇಲೆ ಬಿತ್ತು.

"ಇವೇನ್ರೀ ಇಷ್ಟೊಂದು ಗುಂಡಿ?"

ಹೆಡ್‌ಮಾಸ್ಟರು ಚುರುಕು ಮನುಷ್ಯ. "ಗಿಡ ನೆಡೋಕೆ ಸಾರ್. ವನಮಹೋತ್ಸವ" ಅಂದರು. ಜನವರಿಯಲ್ಲಿ ವನಮಹೋತ್ಸವ!

ಇನ್‌ಸ್ಪೆಕ್ಟರು ತಲೆಯಾಡಿಸಿದರು. "ಒಳ್ಳೇದು. ಬೇಲಿ ಹಾಕಿದ ರೀತೀನೂ ಚೆನ್ನಾಗಿದೆ. ಗಣಿತದ ಮೇಷ್ಟ್ರ ತಲೆ ಇರಬೇಕು."

ಹೆಡ್‌ಮಾಸ್ಟರು ಕಣ್ಣಿನಲ್ಲೇ 'ಹೌದನ್ನಿ, ಹೌದನ್ನಿ' ಅಂದರು. ನಮ್ಮ ಮೇಷ್ಟ್ರು ತುಟಿ ಸವರಿಕೊಂಡರು. ಬೊಬ್ಬೆ ಎದ್ದ ಕೈಯಲ್ಲಿ ಅಂಗಿಯ ಗುಂಡಿಯನ್ನು ತಿರುವತೊಡಗಿದರು. ಸುಮ್ಮನಿದ್ದುಬಿಡಲಿ ದೇವರೇ ಅಂತ ನಾನೇ ಬೇಡಿಕೊಂಡೆ, ಸುಳ್ಳೇಕೆ ಹೇಳಲಿ.

"ಇಲ್ಲ ಸಾರ್" ಅಂದರು ಅವರು. "ಆ ಗುಂಡಿಗಳು ಗಿಡಕ್ಕಲ್ಲ. ನಾನು ಚೌಕ ಹಾಕಿಸಿದ್ದೆ, ತಪ್ಪಾಗಿತ್ತು. ಸರಿಯಾದ ಲೆಕ್ಕ ಈ ಹುಡುಗೀದು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಲ್ಲಿ ಬಚ್ಚಿಟ್ಟುಕೊಳ್ಳಲಿ ಅಂತ ನೋಡಿದೆ. ಇನ್‌ಸ್ಪೆಕ್ಟರು ಹೆಡ್‌ಮಾಸ್ಟರನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿ, ಮಾನ್ಯತೆಯ ಕಾಗದಕ್ಕೆ ರುಜು ಹಾಕಿದರು. ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತ್ತು.

ಪರೀಕ್ಷೆ ಬರೆದೆ, ಪಾಸಾದೆ. ಸೋದರಮಾವನ ಮನೆಯವರಿಗೆ ಅಪ್ಪ ಏನು ಹೇಳಿ ಕಳಿಸಿದನೋ, ಅವರು ಮತ್ತೆ ಆ ಮಾತೆತ್ತಲಿಲ್ಲ. ಊರು ಬಿಟ್ಟು ಕಳಿಸಲ್ಲ ಅಂದಿದ್ದ ಅಪ್ಪನೇ ನನ್ನನ್ನು ಮೈಸೂರಿನ ಕಾಲೇಜಿಗೆ ಕಳಿಸಿದ. ಮುಂದೆ ನಾನೂ ಗಣಿತದ ಟೀಚರಾಗಿ ಮೂವತ್ತು ವರ್ಷ ಪಾಠ ಮಾಡಿದೆ. ಆದರೆ ಆ ಜೂನ್‌ನಲ್ಲಿ ಕಮಿಟಿ ಸೇರಿದಾಗ ಹೆಡ್‌ಮಾಸ್ಟರು 'ಲೆಕ್ಕ ತಪ್ಪುವ ಮೇಷ್ಟ್ರು ನಮಗೆ ಬೇಡ' ಅಂದರಂತೆ. ಅಪ್ಪ ಎಷ್ಟು ಕೂಗಾಡಿದರೂ ಒಬ್ಬನ ಮಾತು ನಡೆಯಲಿಲ್ಲ. ಮೇಷ್ಟ್ರಿಗೆ ಎಚ್.ಡಿ. ಕೋಟೆಯ ಕಡೆ ಕಾಡಂಚಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು.

ಅವರು ಹೊರಡುವ ದಿನ ಅಪ್ಪ ಗಾಡಿ ಕಟ್ಟಿಕೊಂಡು ಭೇರ್ಯಕ್ಕೆ ಹೋಗಿ, ಅವರ ಟ್ರಂಕು, ಹಾಸಿಗೆಯ ಸುರುಳಿ ಎಲ್ಲ ಹೇರಿಕೊಂಡು ಬಸ್ಸು ನಿಲ್ಲುವ ಕಡೆಗೆ ತಂದ. ನಾನೂ ಹೋಗಿದ್ದೆ. ಬಸ್ಸಿಗೆ ಕಾಯುತ್ತಾ ಮೇಷ್ಟ್ರು ಟ್ರಂಕಿನ ಬೀಗವನ್ನು ಎರಡು ಸಲ ಎಳೆದು ನೋಡಿದರು. ಅಪ್ಪನಿಗೇ ತಡೆಯಲಾಗಲಿಲ್ಲ.

"ಅವತ್ತು ಒಂದು ಮಾತು ನುಂಗ್ಕಂಡಿದ್ರೆ ಆಯ್ತಿರ್ಲಿಲ್ವಾ ಮೇಷ್ಟ್ರೇ? ಕಾಗ್ದಕ್ಕೆ ರುಜು ಬೀಳ್ತಾನೇ ಇತ್ತು. ನೀವೂ ಇಲ್ಲೇ ಇರ್ತಿದ್ರಿ."

"ಇರ್ತಿದ್ದೆ ಗೌಡ್ರೇ" ಅಂದರು ಮೇಷ್ಟ್ರು. ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು. "ಆದ್ರೆ ಇವಳು ಸರಿಯಾದ ಉತ್ತರ ಬಂದಾಗೆಲ್ಲ ಅಳಿಸ್ತಾ ಇರ್ತಿದ್ಳು."